ನಮ್ಮ ಬಳಕೆಗೆ ತಕ್ಕ ಜರ್ನಲ್ ಅನ್ನು ನಾವೇ ಹೊಲಿದು ಕಟ್ಟಿಕೊಳ್ಳುವುದು: ಮೊದಲು ನಿರ್ಧರಿಸಬೇಕಾದದ್ದು ಯಾವುದು?

ಖಾಲಿಹಾಳೆ:

ಎಲ್ಲರಿಗೂ ನಮಸ್ಕಾರ. ಸಿದ್ಧವಾಗಿ ಸಿಗುವ ನೋಟುಪುಸ್ತಕಗಳಲ್ಲಿ ಒಂದಾದರೂ ನನ್ನ ಬಳಕೆಗೆ ಪೂರ್ತಿಯಾಗಿ ಒಗ್ಗದೇ ಇರುವುದರಿಂದ, ಈ ಸಲ ದಿನಚರಿಯ ಪುಸ್ತಕವನ್ನು ನಾನೇ ಹೊಲಿದು ಕಟ್ಟಿಕೊಳ್ಳಬೇಕೆಂದು ನಿಶ್ಚಯಿಸಿದ್ದೇನೆ. ಪ್ರತಿದಿನ ಒಂದು ಪುಟವನ್ನು ಫೌಂಟನ್ ಪೆನ್ನಿನಲ್ಲಿ ಬರೆಯುತ್ತೇನೆ. ವಾರಕ್ಕೊಂದು ಸಲ ಗಿಡವನ್ನೋ ಹಕ್ಕಿಯನ್ನೋ ಜಲವರ್ಣದಲ್ಲಿ ಬಿಡಿಸುತ್ತೇನೆ. ಟಿಕೆಟ್ಟು, ಒಣಗಿದ ಎಲೆ, ಸಣ್ಣ ಫೋಟೊಗಳನ್ನು ಅಲ್ಲಲ್ಲಿ ಅಂಟಿಸುವ ಅಭ್ಯಾಸವೂ ಇದೆ. ಬರವಣಿಗೆಗೆ ಒಳ್ಳೆಯದೆನಿಸಿದ ಪುಸ್ತಕದಲ್ಲಿ ಬಣ್ಣ ಹಚ್ಚಿದರೆ ಹಾಳೆ ಸುಕ್ಕಾಗುತ್ತದೆ, ಚಿತ್ರಕ್ಕೆಂದು ಮಾಡಿದ ಪುಸ್ತಕದಲ್ಲಿ ಬರೆದರೆ ನಿಬ್ಬು ಒರಟು ಹಾಳೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಂಟಿಸುತ್ತ ಹೋದಂತೆ ಎರಡು ಪುಸ್ತಕಗಳೂ ಬಾಯಿ ತೆರೆದುಕೊಂಡು ನಿಲ್ಲುತ್ತವೆ. ಎ5 ಅಳತೆ ನನಗೆ ಅನುಕೂಲ. ಪುಸ್ತಕದ ಬೆನ್ನು ಬಯಲಾಗಿ ಉಳಿಯುವಂತೆ ಹಾಳೆಗಳನ್ನೂ ರಟ್ಟನ್ನೂ ದಾರದಿಂದಲೇ ಜೋಡಿಸುವ ಕಾಪ್ಟಿಕ್ ಹೊಲಿಗೆ ಮಾಡಲೋ ಅಥವಾ ಹೊಲಿದ ಹಾಳೆಗಳನ್ನು ಗಟ್ಟಿ ರಟ್ಟಿನ ಹೊದಿಕೆಯೊಳಗೆ ಅಂಟಿಸುವ ಕೇಸ್ ಬೈಂಡಿಂಗ್ ಮಾಡಲೋ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಅನುಭವಿಗಳು ದಯವಿಟ್ಟು ದಾರಿ ತೋರಿಸಬೇಕು.

ಸೂಜಿದಾರ:

ಖಾಲಿಹಾಳೆ ಅವರೇ, ತಮ್ಮ ಬಳಕೆಯನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಅರ್ಧ ಕೆಲಸ ಆಗಲೇ ಮುಗಿದಿದೆ. ಆದರೆ ಹೊಲಿಗೆಯ ಆಯ್ಕೆಯನ್ನು ಸ್ವಲ್ಪ ಹೊತ್ತು ಬದಿಗಿಡಿ ಎಂದು ಕೇಳಿಕೊಳ್ಳುತ್ತೇನೆ. ಪುಸ್ತಕದೊಳಗೆ ಏನೇನು ಸೇರುತ್ತದೆ, ಅದು ಮೇಜಿನ ಮೇಲೆ ಹೇಗೆ ತೆರೆದುಕೊಳ್ಳಬೇಕು ಎಂಬ ಎರಡು ವಿಷಯಗಳು ಖಚಿತವಾದರೆ ಹಾಳೆ ಯಾವುದೆಂದು ತಿಳಿಯುತ್ತದೆ, ಹಾಳೆ ತಿಳಿದರೆ ಒಂದೊಂದು ಕಂತೆಗೆ (ಒಂದರೊಳಗೊಂದು ಮಡಿಸಿ ಒಟ್ಟಿಗೆ ಹೊಲಿಯುವ ಹಾಳೆಗಳ ಗುಂಪಿಗೆ) ಎಷ್ಟು ಹಾಳೆ ಎಂಬುದು ತಿಳಿಯುತ್ತದೆ, ಹೊಲಿಗೆ ಆ ಬಳಿಕ ತಾನಾಗಿಯೇ ನಿಶ್ಚಯವಾಗುತ್ತದೆ. ಹೊದಿಕೆ ಎಲ್ಲಕ್ಕಿಂತ ಕೊನೆಯದು. ಹೊಸಬರಲ್ಲಿ ಬಹಳ ಮಂದಿ ಚೆಂದದ ಬಟ್ಟೆಯನ್ನೋ ಚರ್ಮವನ್ನೋ ಮೊದಲು ಆರಿಸಿಕೊಂಡು, ಅದಕ್ಕೆ ಹೊಂದುವಂತೆ ಒಳಗಿನದನ್ನು ಜೋಡಿಸಲು ಹೋಗುತ್ತಾರೆ. ಅಂಥ ಪುಸ್ತಕ ನೋಡಲು ಚೆನ್ನಾಗಿರುತ್ತದೆ, ಬರೆಯಲು ಮಾತ್ರ ಯಾರಿಗೂ ಮನಸ್ಸಾಗುವುದಿಲ್ಲ.

ಹಾಳೆಯ ವಿಷಯದಲ್ಲಿ ಎಲ್ಲರೂ ಕಡೆಗಣಿಸುವ ಸಂಗತಿಯೆಂದರೆ ನಾರಿನ ದಿಕ್ಕು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಸಿದರೆ ಮಡಿಕೆ ನಯವಾಗಿ ಕೂರುತ್ತದೆ. ಅಡ್ಡಲಾಗಿ ಮಡಿಸಿದರೆ ಮಡಿಕೆ ಒಡೆದು ಒರಟಾಗುತ್ತದೆ, ಪುಸ್ತಕ ತೆರೆದಾಗ ಪುಟಗಳು ಮಲಗದೆ ಸೆಟೆದು ನಿಲ್ಲುತ್ತವೆ. ತೇವ ತಗುಲಿದಾಗ ಕಾಗದ ಹಿಗ್ಗುವುದು ನಾರಿಗೆ ಅಡ್ಡ ದಿಕ್ಕಿನಲ್ಲಿ. ಹಾಗಾಗಿ ನಾರು ಬೆನ್ನಿಗೆ ಸಮಾನಾಂತರವಾಗಿ ಇಲ್ಲದಿದ್ದರೆ ಅಂಟು ಹಚ್ಚಿದ ಕೂಡಲೇ ಬೆನ್ನಿನ ಉದ್ದಕ್ಕೂ ಅಲೆಗಳು ಏಳುತ್ತವೆ. ದಿಕ್ಕನ್ನು ಕಂಡುಕೊಳ್ಳುವುದು ಸುಲಭ. ಹಾಳೆಯನ್ನು ಮಡಿಸದೆ, ಸುಮ್ಮನೆ ಬಗ್ಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಒಂದು ದಿಕ್ಕಿನಲ್ಲಿ ಅದು ಸಲೀಸಾಗಿ ಬಾಗುತ್ತದೆ, ಇನ್ನೊಂದರಲ್ಲಿ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಸಲೀಸಾಗಿ ಬಾಗಿದಾಗ ಬಾಗಿನ ಗೆರೆ ಯಾವ ಕಡೆಗಿದೆಯೋ ಅದೇ ನಾರಿನ ದಿಕ್ಕು.

ಎ5 ಪುಸ್ತಕ ಮಾಡುವವರಿಗೆ ತೊಡಕು ಇಲ್ಲಿಯೇ ಇದೆ. ಸಾಮಾನ್ಯವಾಗಿ ಸಿಗುವ ಎ4 ಹಾಳೆಯಲ್ಲಿ (210 × 297 ಮಿಮೀ) ನಾರು ಹೆಚ್ಚಾಗಿ ಉದ್ದಕ್ಕೆ ಸಾಗಿರುತ್ತದೆ. ಅದನ್ನು ನಡುವೆ ಮಡಿಸಿ ಎ5 ಮಾಡಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಇದಕ್ಕೆ ಉಪಾಯವಿದೆ. ನಾರು ಉದ್ದಕ್ಕಿರುವ ಎ3 ಹಾಳೆಗಳನ್ನು ತಂದು, 420 ಮಿಮೀ ಇರುವ ಬದಿಯನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ. ಈಗ ಕೈಗೆ ಬರುವ ಎ4 ತುಂಡುಗಳಲ್ಲಿ ನಾರು ಗಿಡ್ಡ ಬದಿಗೆ ಸಾಗಿರುತ್ತದೆ. ಅವನ್ನು ಮಡಿಸಿದರೆ ನಾರೂ ಬೆನ್ನೂ ಒಂದೇ ದಿಕ್ಕಿಗೆ ಬರುತ್ತವೆ. ಎ6ರ ಚಿಕ್ಕ ಪುಸ್ತಕ ಸಾಕೆನ್ನುವವರಿಗೆ ಈ ಕಷ್ಟವಿಲ್ಲ, ಏಕೆಂದರೆ ಮಾಮೂಲಿ ಎ4 ಹಾಳೆಯನ್ನು ಅರ್ಧ ಕತ್ತರಿಸಿ ಮಡಿಸಿದರೆ ದಿಕ್ಕು ಸರಿಯಾಗಿಯೇ ಇರುತ್ತದೆ.

ಶಾಯಿಬುಡ್ಡಿ:

ಸೂಜಿದಾರ ಅವರ ಮಾತಿಗೆ ಶಾಯಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಫೌಂಟನ್ ಪೆನ್ನಿಗೆ ದಪ್ಪ ಹಾಳೆಯೇ ಬೇಕೆಂಬ ನಂಬಿಕೆ ಬಲವಾಗಿದೆ, ಆದರೆ ಶಾಯಿಯನ್ನು ತಡೆಯುವುದು ದಪ್ಪಕ್ಕಿಂತ ಹೆಚ್ಚಾಗಿ ಹಾಳೆಗೆ ಕೊಟ್ಟಿರುವ ಸೈಜಿಂಗ್, ಅಂದರೆ ಅದು ನೀರನ್ನು ಹೀರದಂತೆ ತಯಾರಿಕೆಯಲ್ಲೇ ಸೇರಿಸುವ ಪದಾರ್ಥ. ತೊಮೊಯೆ ರಿವರ್ ಎಂಬ ಜಪಾನಿ ಕಾಗದ ಚದರ ಮೀಟರಿಗೆ 52 ಗ್ರಾಂ, ಅಂದರೆ 52 ಜಿಎಸ್‌ಎಂನಷ್ಟು ತೆಳುವಾಗಿದ್ದರೂ ಅದರ ಮೇಲೆ ಶಾಯಿ ಹರಡುವುದಿಲ್ಲ, ಹಿಂಬದಿಗೆ ಇಳಿಯುವುದೂ ಇಲ್ಲ. ಆದರೆ ಹಿಂದಿನ ಪುಟದ ಬರಹ ನೆರಳಿನಂತೆ ಕಾಣುತ್ತದೆ, ಒಣಗುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಇದಕ್ಕೆ ಪ್ರತಿಯಾಗಿ 120 ಜಿಎಸ್‌ಎಂ ಇದ್ದೂ ಒತ್ತುಕಾಗದದಂತೆ ಶಾಯಿಯನ್ನು ಕುಡಿಯುವ ಹಾಳೆಗಳಿವೆ. ಆದ್ದರಿಂದ ಲೇಬಲ್ಲಿನ ಮೇಲಿನ ಸಂಖ್ಯೆಯೊಂದನ್ನೇ ನೆಚ್ಚಬೇಡಿ. ಒಂದು ಹಾಳೆ ತಂದು, ನಿಮ್ಮದೇ ಪೆನ್ನು ನಿಮ್ಮದೇ ಶಾಯಿಯಲ್ಲಿ ನಾಲ್ಕು ಸಾಲು ಬರೆದು, ಅಕ್ಷರದ ಅಂಚನ್ನೂ ಹಿಂಬದಿಯನ್ನೂ ನೋಡಿದ ನಂತರ ಉಳಿದದ್ದನ್ನು ಕೊಳ್ಳಿ. ಎರಡೂ ಬದಿಗೆ ಬರೆಯುವ ದಿನಚರಿಗೆ 90ರಿಂದ 100 ಜಿಎಸ್‌ಎಂನ, ಚೆನ್ನಾಗಿ ಸೈಜ್ ಮಾಡಿದ ಹಾಳೆ ನನ್ನ ದೃಷ್ಟಿಯಲ್ಲಿ ಸೂಕ್ತ. ದಿನಚರಿ ಬಹುಕಾಲ ಬಾಳಬೇಕಾದ ವಸ್ತುವಾದ್ದರಿಂದ ಆಮ್ಲರಹಿತವೇ ಆಗಿರಲಿ. ಐಎಸ್‌ಒ 9706 (ಬಹುಕಾಲ ಬಾಳುವ ಕಾಗದದ ಅಂತರರಾಷ್ಟ್ರೀಯ ಮಾನದಂಡ) ಗುರುತಿರುವ ಹಾಳೆ ಸಿಕ್ಕರೆ ಇನ್ನೂ ನಿಶ್ಚಿಂತೆ.

ಗೆರೆಗಳನ್ನೂ ನೀವೇ ಹಾಕಿಕೊಳ್ಳುವುದಾದರೆ ಇನ್ನೊಂದು ಮಾತು. ಸಿದ್ಧ ನೋಟುಪುಸ್ತಕಗಳ ಗೆರೆಗಳ ಅಂತರ ಬಹುಪಾಲು ರೋಮನ್ ಲಿಪಿಯನ್ನು ಗಮನದಲ್ಲಿಟ್ಟುಕೊಂಡದ್ದು. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ರಾಷ್ಟ್ರ’ ಎಂದು ಬರೆದಾಗ ಕೆಳಗಿನ ಒತ್ತುಗಳು ಮುಂದಿನ ಸಾಲಿನ ಗುಡಿಸಿಗೆ ತಾಗುವುದನ್ನು ನೀವೂ ನೋಡಿರುತ್ತೀರಿ. ಮಧ್ಯಮ ನಿಬ್ಬಿನಲ್ಲಿ ಕನ್ನಡ ಬರೆಯುವವರಿಗೆ 7 ಮಿಮೀ ಇಕ್ಕಟ್ಟು; 9 ಮಿಮೀ ಅಂತರದಲ್ಲಿ ಅಕ್ಷರಗಳು ಉಸಿರಾಡುತ್ತವೆ. ತಮ್ಮ ಕೈಬರಹ ಕೆಟ್ಟದ್ದೆಂದು ತಿಳಿದುಕೊಂಡಿರುವ ಅನೇಕರ ತೊಂದರೆ ನಿಜಕ್ಕೂ ಗೆರೆಗಳ ಅಂತರದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಡಗೈಬರಹ:

ಪುಸ್ತಕ ಹೇಗೆ ತೆರೆದುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಸೂಜಿದಾರ ಅವರು ಎತ್ತಿದ್ದರಿಂದ ಬರೆಯುತ್ತಿದ್ದೇನೆ. ಎಡಗೈಯಲ್ಲಿ ಬರೆಯುವವರಿಗೆ ಬಲಪುಟದ ಸಾಲುಗಳನ್ನು ಆರಂಭಿಸುವಾಗ ಅಂಗೈಯ ಅಂಚು ನೇರವಾಗಿ ಪುಸ್ತಕದ ನಡುವಿನ ಉಬ್ಬಿನ ಮೇಲೆ ಬರುತ್ತದೆ. ಬಲಗೈಯವರಿಗೆ ಇದೇ ಕಷ್ಟ ಎಡಪುಟದ ಕೊನೆಯಲ್ಲಿ ಎದುರಾಗುತ್ತದೆ. ಬೆನ್ನಿಗೆ ದಪ್ಪನಾಗಿ ಅಂಟು ಬಳಿದ ಪುಸ್ತಕಗಳಲ್ಲಿ ಈ ಉಬ್ಬು ಎಂದೂ ಇಳಿಯುವುದಿಲ್ಲ. ಕಾಪ್ಟಿಕ್ ಹೊಲಿಗೆಯ ಪುಸ್ತಕ ಯಾವ ಪುಟದಲ್ಲಿ ತೆರೆದರೂ ಚಪ್ಪಟೆಯಾಗಿ ಮಲಗುತ್ತದೆ, ಹೊದಿಕೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಒಂದೇ ಪುಟವನ್ನು ಮುಂದಿಟ್ಟುಕೊಳ್ಳಬಹುದು. ಜಲವರ್ಣ ಬಿಡಿಸುವಾಗಲೂ ಈ ಗುಣ ಬಹಳ ಉಪಕಾರಿ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ರಟ್ಟುಕಟ್ಟು:

ಎಡಗೈಬರಹ ಅವರ ಅನುಭವವನ್ನು ಅಲ್ಲಗಳೆಯುವುದಿಲ್ಲ, ಆದರೆ ಕೇಸ್ ಬೈಂಡಿಂಗ್‌ನ ಪರವಾಗಿ ಮಾತನಾಡುವವರೂ ಒಬ್ಬರಿರಬೇಕು. ಕಾಪ್ಟಿಕ್‌ನಲ್ಲಿ ಬೆನ್ನು ಬಯಲಾಗಿರುತ್ತದೆ. ಚೀಲದೊಳಗೆ ಕೀಲಿಕೈ, ಪೆನ್ನಿನ ಕ್ಲಿಪ್ಪುಗಳ ಜೊತೆ ದಿನವೂ ಉಜ್ಜಾಡುವ ಪುಸ್ತಕದಲ್ಲಿ ದಾರ ಸವೆಯುತ್ತದೆ, ರಟ್ಟುಗಳು ದಾರದ ಆಧಾರದಲ್ಲೇ ನಿಂತಿರುವುದರಿಂದ ಕ್ರಮೇಣ ಅತ್ತಿತ್ತ ಜಾರತೊಡಗುತ್ತವೆ. ಹತ್ತಿ ಅಥವಾ ಲಿನನ್ ಪಟ್ಟಿಗಳ ಮೇಲೆ ಕಂತೆಗಳನ್ನು ಹೊಲಿದು, ಬೆನ್ನಿಗೆ ತೆಳ್ಳಗೆ ಅಂಟು ಹಚ್ಚಿ, ಜಾಳು ಬಟ್ಟೆ ಅಂಟಿಸಿ, ಕ್ಯಾಲಿಕೋ ಬಟ್ಟೆ ಹೊದಿಸಿದ ರಟ್ಟಿನೊಳಗೆ ಕೂರಿಸಿದ ಪುಸ್ತಕವೂ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಎಡಗೈಬರಹ ಅವರು ಹೇಳುವ ಉಬ್ಬು ಬರುವುದು ಹೊಲಿಗೆಯೇ ಇಲ್ಲದೆ ಬರಿಯ ಅಂಟಿನಲ್ಲಿ ನಿಂತ ಪುಸ್ತಕಗಳಲ್ಲಿ, ಅಥವಾ ಅಂಟನ್ನು ಧಾರಾಳವಾಗಿ ಸುರಿದಾಗ.

ಅಳತೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ರಟ್ಟು 2 ಮಿಮೀ ದಪ್ಪವಿರಲಿ; ಮೇಲೆ, ಕೆಳಗೆ, ಮುಂದಿನ ಅಂಚಿನಲ್ಲಿ ಹಾಳೆಗಳಿಗಿಂತ 3 ಮಿಮೀ ಹೊರಚಾಚಿರಲಿ; ಬೆನ್ನಿನ ಪಟ್ಟಿಗೂ ರಟ್ಟಿಗೂ ನಡುವೆ 6ರಿಂದ 8 ಮಿಮೀ ಜಾಗ ಬಿಡಿ, ಇಲ್ಲದಿದ್ದರೆ ಹೊದಿಕೆ ತೆರೆಯುವಾಗ ಮೊದಲ ಹಾಳೆಯನ್ನು ಎಳೆಯುತ್ತದೆ. ಬಟ್ಟೆಯನ್ನು ಒಳಕ್ಕೆ ಮಡಚಲು 15 ಮಿಮೀ ಸಾಕು. ಮೂಲೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಗೆ ಅಂಟಿ ಕತ್ತರಿಸದೆ, ರಟ್ಟಿನ ದಪ್ಪದ ಒಂದೂವರೆ ಪಟ್ಟು ದೂರ ಬಿಟ್ಟರೆ ಮೂಲೆಯಲ್ಲಿ ರಟ್ಟು ಇಣುಕುವುದಿಲ್ಲ.

ರಟ್ಟು ಬಾಗುವುದೇಕೆ ಎಂದು ಹೊಸಬರು ಪದೇಪದೇ ಕೇಳುತ್ತಾರೆ. ಹೊರಗಿನ ಬಟ್ಟೆ ಅಂಟಿನ ತೇವಕ್ಕೆ ಹಿಗ್ಗಿ, ಒಣಗುತ್ತ ಕುಗ್ಗುವಾಗ ರಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಳಬದಿಗೆ ಅಂಟಿಸುವ ಎಂಡ್‌ಪೇಪರ್ ಹಾಗೆಯೇ ಒಳಕ್ಕೆ ಎಳೆದು ಅದನ್ನು ಸರಿದೂಗಿಸಬೇಕು. ರಟ್ಟು, ಬಟ್ಟೆ, ಎಂಡ್‌ಪೇಪರ್ ಮೂರರ ನಾರೂ ಬೆನ್ನಿಗೆ ಸಮಾನಾಂತರವಾಗಿದ್ದು, ಇಡೀ ರಾತ್ರಿ ಭಾರದಡಿ ಒಣಗಿದರೆ ಹೊದಿಕೆ ನೆಟ್ಟಗಿರುತ್ತದೆ. ಅವಸರದಿಂದ ಭಾರವನ್ನು ತೆಗೆದು, ಒಣಗಿತೆಂದು ನಂಬಿ ತೆರೆದಿಟ್ಟ ಪುಸ್ತಕ ಮರುದಿನ ಬಾಗಿರುತ್ತದೆ.

ಹಳೆಹೊತ್ತಗೆ:

ಅಂಟಿನ ವಿಷಯ ಬಂದಿರುವುದರಿಂದ ದುರಸ್ತಿಯ ಕಡೆಯಿಂದ ಎರಡು ಮಾತು. ಬಿಳಿಯ ಪಿವಿಎ ಅಂಟು ಬೇಗ ಹಿಡಿಯುತ್ತದೆ, ಒಣಗಿದ ಮೇಲೂ ಬಾಗುತ್ತದೆ, ಆದರೆ ಒಮ್ಮೆ ಒಣಗಿದರೆ ಹಾಳೆಗೆ ಹಾನಿಯಾಗದಂತೆ ಅದನ್ನು ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಗೋಧಿ ಪಿಷ್ಟದ ಅಂಟು ನಿಧಾನವಾಗಿ ಒಣಗುತ್ತದೆ, ತೇವ ಹೆಚ್ಚು, ಆದರೆ ಎಷ್ಟು ವರ್ಷಗಳ ನಂತರವೂ ನೀರಿನಿಂದ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಹೀಗಾಗಿ ಹಾಳೆಗೆ ನೇರವಾಗಿ ತಾಗುವ ಕಡೆ ಪಿಷ್ಟದ ಅಂಟನ್ನು, ರಟ್ಟು ಮತ್ತು ಬಟ್ಟೆಯ ನಡುವೆ ಪಿವಿಎಯನ್ನು ಬಳಸಿ ಎಂದು ಸಲಹೆ ಕೊಡುತ್ತೇನೆ. ಫೋಟೊ, ಟಿಕೆಟ್ಟುಗಳನ್ನು ಅಂಟಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಫೋಟೊಗಳನ್ನಂತೂ ಅಂಟಿಸುವ ಬದಲು ನಾಲ್ಕು ಮೂಲೆಗಳಿಗೆ ಕಾಗದದ ಮೂಲೆಪಟ್ಟಿ ಹಾಕಿ ಸಿಕ್ಕಿಸುವುದು ಎಲ್ಲಕ್ಕಿಂತ ಒಳ್ಳೆಯದು.

1966ರ ನವೆಂಬರ್‌ನಲ್ಲಿ ಆರ್ನೋ ನದಿ ಉಕ್ಕಿ ಫ್ಲಾರೆನ್ಸ್‌ನ ಗ್ರಂಥಾಲಯಗಳು ಮುಳುಗಿದಾಗ, ಅಲ್ಲಿ ಕೆಲಸ ಮಾಡಿದ ಸಂರಕ್ಷಕರಲ್ಲಿ ಒಬ್ಬರಾದ ಕ್ರಿಸ್ಟೋಫರ್ ಕ್ಲಾರ್ಕ್‌ಸನ್ ಒಂದು ಸಂಗತಿಯನ್ನು ಗಮನಿಸಿದರು. ಮೆತ್ತನೆಯ ಚರ್ಮಕಾಗದವನ್ನು ಹೊದಿಸಿ, ಅಂಟನ್ನು ಬಹಳ ಕಡಿಮೆ ಬಳಸಿ ಕಟ್ಟಿದ್ದ ಪುಸ್ತಕಗಳು ಕೆಸರಿನಲ್ಲಿ ಬಿದ್ದೂ ಗಮನಾರ್ಹವಾಗಿ ಉಳಿದುಕೊಂಡಿದ್ದವು. ಆ ಬಳಿಕ ಅಂಥ ಕಟ್ಟುವಿಕೆಗೆ ಸಂರಕ್ಷಣಾ ವಲಯದಲ್ಲಿ ಹೊಸ ಗೌರವ ಬಂತು. ನಮ್ಮ ಜರ್ನಲ್‌ಗಳಿಗೆ ಪ್ರವಾಹ ಬರಬೇಕಿಲ್ಲ, ನೀರಿನ ಬಾಟಲಿ ಸೋರಿದರೆ ಸಾಕು. ಪುಸ್ತಕವನ್ನು ದಾರ ಹಿಡಿದಿಟ್ಟಿದ್ದರೆ ಒಣಗಿಸಿಕೊಳ್ಳಬಹುದು, ಅಂಟು ಹಿಡಿದಿಟ್ಟಿದ್ದರೆ ಆ ಭರವಸೆ ಕಡಿಮೆ. ಆದ್ದರಿಂದ ನನ್ನ ಒಲವು ಹೊಲಿಗೆ ಹೆಚ್ಚು, ಅಂಟು ಕಡಿಮೆ ಇರುವ ರಚನೆಯ ಕಡೆಗಿದೆ.

ಖಾಲಿಹಾಳೆ:

ಎಲ್ಲರಿಗೂ ಧನ್ಯವಾದಗಳು. ಎ3 ಹಾಳೆಯ ಉಪಾಯವನ್ನು ಓದಿದ ಕೂಡಲೇ ಮನೆಯಲ್ಲಿದ್ದ ಹಾಳೆಗಳನ್ನೆಲ್ಲ ಬಗ್ಗಿಸಿ ನೋಡಿದೆ. ವ್ಯತ್ಯಾಸ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಉಳಿದಿರುವ ಸಂಶಯ ಎರಡು. ಜಲವರ್ಣದ ದಪ್ಪ ಹಾಳೆಗಳನ್ನು ಬರವಣಿಗೆಯ ಹಾಳೆಗಳ ಜೊತೆಯಲ್ಲೇ ಹೊಲಿಯಬಹುದೇ, ಅಥವಾ ಪುಸ್ತಕದ ಕೊನೆಯಲ್ಲಿ ಬೇರೆಯಾಗಿ ಸೇರಿಸಬೇಕೇ? ಅಂಟಿಸಿದ ವಸ್ತುಗಳಿಂದ ಪುಸ್ತಕ ಬಾಯಿ ತೆರೆಯದಂತೆ ಮಾಡುವುದು ಹೇಗೆ?

ಸೂಜಿದಾರ:

ಜೊತೆಯಲ್ಲೇ ಹೊಲಿಯಿರಿ. ನಿಮ್ಮ ಬಳಕೆಯನ್ನು ಕೂಡಿಸಿ ಕಳೆದು ನೋಡಿದಾಗ ಪುಸ್ತಕದ ರಚನೆ ತಾನಾಗಿಯೇ ಮೂಡುತ್ತದೆ. ಒಂದು ಹಾಳೆ ಮಡಿಸಿದರೆ ಎರಡು ಎಲೆ, ನಾಲ್ಕು ಪುಟ. ಬರವಣಿಗೆಯ ನಾಲ್ಕು ಹಾಳೆಗಳನ್ನು ಒಂದರೊಳಗೊಂದು ಸೇರಿಸಿದರೆ 16 ಪುಟಗಳ ಕಂತೆ. ಅದರ ನಟ್ಟನಡುವೆ ಜಲವರ್ಣದ ಒಂದು ಹಾಳೆಯನ್ನು ಮಡಿಸಿ ಇಡಿ. ಈಗ ಕಂತೆಯಲ್ಲಿ ಮೊದಲು ಬರವಣಿಗೆಯ 8 ಪುಟ, ನಡುವೆ ಚಿತ್ರಕ್ಕೆ ಎರಡು ದಪ್ಪ ಎಲೆ, ಆಮೇಲೆ ಮತ್ತೆ ಬರವಣಿಗೆಯ 8 ಪುಟ. ವಾರದ ಏಳು ದಿನಗಳಿಗೆ ಏಳು ಪುಟ, ಎಂಟನೆಯದು ಆ ವಾರದ ಪಟ್ಟಿಗೋ ಹಿನ್ನೋಟಕ್ಕೋ. ಚಿತ್ರದ ಎಲೆ ವಾರಕ್ಕೊಂದು. ಹೀಗೆ ಒಂದು ಕಂತೆ ಎರಡು ವಾರಗಳಿಗೆ ಸರಿಹೊಂದುತ್ತದೆ, 13 ಕಂತೆಗಳಲ್ಲಿ 26 ವಾರ, ಅಂದರೆ 182 ದಿನ ಮುಗಿಯುತ್ತದೆ. ಇಡೀ ವರ್ಷವನ್ನು ಒಂದೇ ಪುಸ್ತಕದಲ್ಲಿ ತುಂಬಬೇಡಿ. ಅದು ಕೈಗೆ ಭಾರ, ಬೆನ್ನಿಗೂ ಭಾರ. ವರ್ಷಕ್ಕೆರಡು ಪುಸ್ತಕ ಇರಲಿ. ಬರವಣಿಗೆಯ 104 ಎಲೆಗಳು ಸುಮಾರು 12 ಮಿಮೀ, ಚಿತ್ರದ 26 ಎಲೆಗಳು ಸುಮಾರು 7 ಮಿಮೀ ಎಂದು ಹಿಡಿದರೆ ಪುಸ್ತಕ 2 ಸೆಂಮೀ ಒಳಗೇ ಇರುತ್ತದೆ.

ಜಲವರ್ಣದ ಹಾಳೆಯನ್ನು ಕಂತೆಯ ಹೊರಗೆ ಸುತ್ತುವ ಕ್ರಮವೂ ಇದೆ, ಅದರಿಂದ ದಾರ ತಾಳುವ ಮಡಿಕೆ ಗಟ್ಟಿಯಾಗುತ್ತದೆ. ಆದರೆ ನಡುವೆ ಇಟ್ಟರೆ ಎರಡು ಪುಟ ಸೇರಿಸಿ ಅಗಲವಾದ ಚಿತ್ರ ಬಿಡಿಸುವ ಅವಕಾಶ ಸಿಗುತ್ತದೆ. ಹೊಲಿಗೆಯ ರಂಧ್ರಗಳಲ್ಲಿ ನೀರು ಇಳಿಯದಂತೆ ಮಡಿಕೆಯ ಹತ್ತಿರ ಕುಂಚದಲ್ಲಿ ನೀರು ಕಡಿಮೆ ಇರಬೇಕು, ಅಷ್ಟೆ. ತೆಳು ಬಣ್ಣಕ್ಕೆ 200 ಜಿಎಸ್‌ಎಂ ಸಾಕು. ನೀರು ಹೆಚ್ಚು ಬಳಸುವುದಾದರೆ 300 ಜಿಎಸ್‌ಎಂ ಬೇಕಾಗುತ್ತದೆ, ಆಗ ಪುಸ್ತಕದ ದಪ್ಪವೂ ಏರುತ್ತದೆ. ಈ ದಪ್ಪ ಹಾಳೆಗಳನ್ನು ಮಡಿಸುವ ಮೊದಲು, ಮಡಿಕೆ ಒತ್ತುವ ಮೊಂಡು ಸಾಧನವಾದ ಬೋನ್ ಫೋಲ್ಡರ್‌ನ ತುದಿಯಿಂದ ಸ್ಕೇಲಿನ ಅಂಚಿಗೆ ತಾಗಿಸಿ ಒಂದು ಗೆರೆ ಒತ್ತಿಕೊಳ್ಳಿ, ಮಡಿಕೆ ಆ ಗೆರೆಯಲ್ಲೇ ಬೀಳುತ್ತದೆ.

ಒಳಗಿನ ಹಾಳೆಗಳು ಮುಂದಿನ ಅಂಚಿನಲ್ಲಿ ತುಸು ಹೊರಚಾಚುವುದು ಸಹಜ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಸಿಕ್ಕ ಪುರಾತನ ಹೊತ್ತಗೆಗಳಲ್ಲಿ ಹೆಚ್ಚಿನವು ಒಂದೇ ದೊಡ್ಡ ಕಂತೆಯವು. ಅಂಥವುಗಳ ಅಂಚನ್ನು ನೇರ ಮಾಡಿದಾಗ ನಡುವಿನ ಎಲೆಗಳ ಅಗಲ ಹೊರಗಿನವುಗಳಿಗಿಂತ ಕಡಿಮೆಯಾಗುತ್ತದೆ. ನಿಮ್ಮ ಚಿಕ್ಕ ಕಂತೆಗಳಲ್ಲಿ ಇದು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ಇರುವುದರಿಂದ ಕತ್ತರಿಸದೆ ಬಿಟ್ಟರೂ ನಡೆಯುತ್ತದೆ. ನನಗೆ ಆ ಏರಿಳಿತದ ಅಂಚೇ ಇಷ್ಟ.

ಬಾಯಿ ತೆರೆಯುವುದಕ್ಕೆ ಕಾರಣ ಸರಳ: ಅಂಟಿಸಿದ್ದೆಲ್ಲ ಮುಂದಿನ ಅಂಚಿನ ಕಡೆಗೆ ದಪ್ಪವನ್ನು ಸೇರಿಸುತ್ತದೆ, ಬೆನ್ನು ಮೊದಲಿನಷ್ಟೇ ಉಳಿಯುತ್ತದೆ. ಆದ್ದರಿಂದ ಬೆನ್ನಿನಲ್ಲಿ ಮೊದಲೇ ಜಾಗ ಮಾಡಿಡಬೇಕು. 40 ಮಿಮೀ ಅಗಲದ ಕಾಗದದ ಪಟ್ಟಿಯನ್ನು ಉದ್ದಕ್ಕೆ ಮಡಿಸಿ, ಪ್ರತಿ ಕಂತೆಯ ಹೊರಗಿನ ಹಾಳೆಯ ಒಳಗೆ ಸೇರಿಸಿ ಹೊಲಿದರೆ, ಎರಡೂ ಕಡೆ 20 ಮಿಮೀ ಅಗಲದ ಮೋಟು ಎಲೆ ನಿಲ್ಲುತ್ತದೆ. ಅದರ ಪಕ್ಕದ ಪುಟದಲ್ಲಿ ಏನನ್ನಾದರೂ ಅಂಟಿಸಿದಾಗ ಬೆನ್ನೂ ಅಂಚೂ ಸಮವಾಗುತ್ತವೆ. ಹೆಚ್ಚು ಅಂಟಿಸುವ ಕಂತೆಗಳಿಗೆ ಎರಡು ಪಟ್ಟಿ ಹಾಕಬಹುದು.

ರಟ್ಟುಕಟ್ಟು:

ಸೂಜಿದಾರ ಅವರ ಈ ಲೆಕ್ಕವನ್ನು ನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ಸ್ವಲ್ಪ ಬದಲಿಸಿಕೊಳ್ಳಬೇಕಾಗಿದೆ. ಕೇಸ್ ಬೈಂಡಿಂಗ್‌ನಲ್ಲಿ ಬೆನ್ನಿನ ಪಟ್ಟಿಯ ಅಗಲ ಮೊದಲೇ ನಿಶ್ಚಯವಾಗಿಬಿಡುತ್ತದೆ, ಆರು ತಿಂಗಳ ಕಾಲ ಉಬ್ಬುತ್ತ ಹೋಗುವ ಪುಸ್ತಕಕ್ಕೆ ಅದು ಬಿಗಿಯಾಗುತ್ತದೆ. ಕಾಪ್ಟಿಕ್ ಹೊಲಿಗೆ ಆ ಉಬ್ಬನ್ನು ಸಹಿಸಿಕೊಳ್ಳುತ್ತದೆ. ಇನ್ನೊಂದು ಅನುಕೂಲವೂ ಇದೆ. ದಾರದ ದಪ್ಪ ಪ್ರತಿ ಕಂತೆಯಲ್ಲೂ ಸೇರುತ್ತ ಹೋಗಿ ಬೆನ್ನು ಊದಿಕೊಳ್ಳುವುದನ್ನು ತಡೆಯಲು ನಾವು ಸಾಮಾನ್ಯವಾಗಿ ತೆಳು ದಾರ ಹುಡುಕುತ್ತೇವೆ, ಆದರೆ ಅಂಟಿಸುವವರ ಪುಸ್ತಕಕ್ಕೆ ಆ ಊತವೇ ಬೇಕಾದದ್ದು. ಆದ್ದರಿಂದ 18/3 ಅಳತೆಯ ದಪ್ಪ ಲಿನನ್ ದಾರವನ್ನು ಜೇನುಮೇಣದಲ್ಲಿ ಎಳೆದು ಧೈರ್ಯವಾಗಿ ಬಳಸಿ.

ಚೀಲದ ಉಜ್ಜಾಟದ ಬಗ್ಗೆ ನಾನು ಹೇಳಿದ್ದು ಮಾತ್ರ ಹಾಗೆಯೇ ನಿಲ್ಲುತ್ತದೆ. ದಪ್ಪ ಬಟ್ಟೆಯಲ್ಲಿ ಪುಸ್ತಕವನ್ನು ಪೂರ್ತಿ ಸುತ್ತಿ ದಾರದಿಂದ ಕಟ್ಟುವಂಥ ಹೊರಚೀಲವೊಂದನ್ನು ಹೊಲಿದುಕೊಳ್ಳಿ.

ಎಡಗೈಬರಹ:

ಪೂರ್ತಿ ಹಿಂದಕ್ಕೆ ತಿರುಗಿಸುವ ಉದ್ದೇಶವಿದ್ದರೆ ರಟ್ಟಿನ ಎರಡೂ ಬದಿಗೆ ಒಂದೇ ಬಗೆಯ ಗಟ್ಟಿ ಕಾಗದ ಅಥವಾ ಬಟ್ಟೆ ಹೊದಿಸುವುದು ಒಳ್ಳೆಯದು. ಒಳಬದಿಯೂ ಮೇಜಿಗೆ ತಾಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ಖಾಲಿಹಾಳೆ:

ಹಾಗಾದರೆ ನನ್ನ ನಿರ್ಧಾರ ಹೀಗಿದೆ. ಎ3ಯಿಂದ ಕತ್ತರಿಸಿದ 100 ಜಿಎಸ್‌ಎಂ ಹಾಳೆ, 9 ಮಿಮೀ ಗೆರೆ. ಪ್ರತಿ ಕಂತೆಯ ನಡುವೆ 200 ಜಿಎಸ್‌ಎಂ ಜಲವರ್ಣದ ಹಾಳೆ ಒಂದು, ಹೊರಗಿನ ಹಾಳೆಯೊಳಗೆ ಒಂದು ಪಟ್ಟಿ. 13 ಕಂತೆ, ಕಾಪ್ಟಿಕ್ ಹೊಲಿಗೆ, 2 ಮಿಮೀ ರಟ್ಟು, ಮೇಲೊಂದು ಬಟ್ಟೆಯ ಹೊರಚೀಲ. ಹೊಲಿಯಲು ಕೂರುವ ಮೊದಲು ತಿಳಿದಿರಬೇಕಾದದ್ದು ಇನ್ನೇನಾದರೂ ಇದೆಯೇ?

ಸೂಜಿದಾರ:

ರಂಧ್ರಗಳನ್ನು ಮಾಡುವಾಗ ಕಂತೆಯನ್ನು ಅರ್ಧ ತೆರೆದು, ಒಳಗಿನಿಂದ ಹೊರಕ್ಕೆ, ದಬ್ಬಣದ ತುದಿ ಮಡಿಕೆಯ ಗೆರೆಯಲ್ಲೇ ಹೊರಬರುವಂತೆ ಚುಚ್ಚಿ. ಗೆರೆ ತಪ್ಪಿ ಬದಿಯಲ್ಲಿ ಚುಚ್ಚಿದ ರಂಧ್ರ ದಾರ ಬಿಗಿದಾಗ ಹರಿಯುತ್ತದೆ. ಒಂದು ರಟ್ಟಿನ ಪಟ್ಟಿಯ ಮೇಲೆ ಅಳತೆ ಗುರುತಿಸಿಕೊಂಡು 13 ಕಂತೆಗಳಿಗೂ ಅದನ್ನೇ ಬಳಸಿ. ಕೊನೆಯ ರಂಧ್ರಗಳು ಮೇಲಿನಿಂದಲೂ ಕೆಳಗಿನಿಂದಲೂ 15 ಮಿಮೀ ಒಳಗಿರಲಿ. ರಟ್ಟುಗಳಿಗೆ ಎರಡೂ ಬದಿ ಹೊದಿಸಿ, ಭಾರದಡಿ ಚೆನ್ನಾಗಿ ಒಣಗಿಸಿದ ನಂತರವೇ ಅದೇ ಅಳತೆಯಲ್ಲಿ, ಬೆನ್ನಿನ ಅಂಚಿನಿಂದ ಸುಮಾರು 10 ಮಿಮೀ ಒಳಗೆ ರಂಧ್ರ ಮಾಡಿ.

ದಾರ ಪುಸ್ತಕದ ಎತ್ತರವನ್ನು ಕಂತೆಗಳ ಸಂಖ್ಯೆಯಿಂದ ಗುಣಿಸಿದಷ್ಟು ಬೇಕಾಗುತ್ತದೆ. ನಿಮ್ಮದಕ್ಕೆ ಅದು 2.7 ಮೀಟರಿನಷ್ಟಾಗುತ್ತದೆ; ರಟ್ಟು ಕಟ್ಟುವುದಕ್ಕೆ, ಕುಣಿಕೆಗಳಿಗೆ ಸೇರಿಸಿ ಇನ್ನೂ ಒಂದು ಮೀಟರ್ ಹೆಚ್ಚು ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಎಳೆಯಾಗಿ ಪೋಣಿಸಿದರೆ ಸಿಕ್ಕು ಬೀಳುತ್ತದೆ, ಆದ್ದರಿಂದ ಎರಡು ಮೂರು ತುಂಡುಗಳಲ್ಲಿ ಹೊಲಿದು ಗಂಟನ್ನು ಕಂತೆಯ ಒಳಮಡಿಕೆಯಲ್ಲಿ ಬರುವಂತೆ ಹಾಕಿ. ದಾರವನ್ನು ಬಿಗಿಯುವಾಗ ಯಾವಾಗಲೂ ಬೆನ್ನಿನ ಉದ್ದಕ್ಕೆ, ಹೊಲಿಗೆ ಸಾಗುವ ದಿಕ್ಕಿನಲ್ಲೇ ಎಳೆಯಿರಿ. ನೇರವಾಗಿ ನಿಮ್ಮ ಕಡೆಗೆ ಎಳೆದರೆ ಕಾಗದ ಸೀಳುತ್ತದೆ. ಪ್ರತಿ ಕಂತೆ ಸೇರಿಸಿದ ಬಳಿಕ ಬೋನ್ ಫೋಲ್ಡರ್‌ನಿಂದ ಮಡಿಕೆಯನ್ನು ಒತ್ತಿ, ಬಿಗಿ ಹಿಂದಿನದಕ್ಕೆ ಸಮನಾಗಿದೆಯೇ ಎಂದು ನೋಡಿಯೇ ಮುಂದಿನದಕ್ಕೆ ಹೋಗಿ. ಒಳ್ಳೆಯ ಹಾಳೆಗೆ ಸೂಜಿ ತಾಗಿಸುವ ಮೊದಲು ರದ್ದಿ ಕಾಗದದ ಮೂರು ಕಂತೆಗಳಲ್ಲಿ ಒಮ್ಮೆ ಹೊಲಿದು ನೋಡಿದರೆ ಈ ಬಿಗಿಯ ಅಂದಾಜು ಕೈಗೆ ಸಿಗುತ್ತದೆ.